ನಂಬರ್ ಬಾರದ ಗುಂಡು

ದುಬೈಯಲ್ಲಿ ನಾವಿರುವ ಅಲ್ ಕುಸೈಸ್‌ನ ಕಟ್ಟಡದಲ್ಲಿ ಕುಂದಾಪುರದ ಕಡೆಯ ಒಬ್ಬ ಹುಡುಗಿ ಇದ್ದಾಳೆ. ಈಚೆಗೆ ಲಿಫ್ಟಿನಲ್ಲಿ ಸಿಕ್ಕಿ, "ಆಂಟಿ, ನಂಗೆ ಶೂಟಿಂಗ್ ಕ್ಲಬ್ಬಲ್ಲಿ ಕೆಲ್ಸ ಆಯ್ತ್. ನೀವೂ ಅದೇ ಕೆಲ್ಸ ಮಾಡ್ಕಂಡಿದ್ರಿ ಅಂಬ್ರ್. ಹ್ಯಾಂಗಿರತ್ತ್ ಅದ್?" ಎಂದು ಕೇಳಿದಳು. "ಒಳ್ಳೆಯದಿದೆ ಮಗಾ, ಕಿವಿಗೆ ಮಫ್ ಹಾಕದೆ ಒಳಗೆ ಹೋಗ್ಬೇಡ" ಎಂದೆ. ಅಷ್ಟರಲ್ಲಿ ಅವಳ ಮಹಡಿ ಬಂತು. ಮನೆಗೆ ಬಂದು ಚಪ್ಪಲಿ ಬಿಡುವಾಗ ನನ್ನ ಉತ್ತರ ನನಗೇ ಸರಿಕಾಣಲಿಲ್ಲ. ಅವಳು ಕೇಳಿದ್ದು ಕಿವಿಯ ವಿಷಯವಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಲಿಲ್ಲಿ, ಕಾರ್ಕಳದ ಹತ್ತಿರದವಳು. ಮದುವೆಯಾಗಿ ಅಬುಧಾಬಿಗೆ ಬಂದೆ. ಗಂಡ ಹೋಟೆಲಿನ ಅಡುಗೆಮನೆಯಲ್ಲಿದ್ದರು. ನಾನು ಎಲೆಕ್ಟ್ರಾ ಸ್ಟ್ರೀಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿದೆ. ಆ ಕಂಪನಿಗೆ ಊರಾಚೆ ಮರುಭೂಮಿಯಲ್ಲಿ ಪರವಾನಗಿ ಪಡೆದ ಒಂದು ಶೂಟಿಂಗ್ ಕ್ಲಬ್ ಇತ್ತು. ಅಲ್ಲಿ ಅಂಕಿ ತಪ್ಪದೆ ಬರೆದುಕೊಳ್ಳುವವರು ಬೇಕು ಎಂದು ಒಂದು ದಿನ ನನ್ನನ್ನು ಕಳಿಸಿದರು. ತಾತ್ಕಾಲಿಕ ಎಂದಿದ್ದರು. ಕೆಲಸ ಬಿಡುವವರೆಗೂ ಅಲ್ಲೇ ಇದ್ದೆ.

ಆ ಕ್ಲಬ್ಬಿನಲ್ಲಿ ಅಂಗಡಿಯ ತೋಟಾಗಳ ಜೊತೆಗೆ ನಾವೇ ಕಟ್ಟಿದ ತೋಟಾಗಳೂ ಬಳಕೆಯಲ್ಲಿದ್ದವು. ಹಾರಿಸಿ ಖಾಲಿಯಾದ ಹಿತ್ತಾಳೆಯ ಕೇಸನ್ನು ತೊಳೆದು, ಮದ್ದಿಗೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ತುಂಬಿ, ಮೇಲೆ ಗುಂಡು ಒತ್ತಿದರೆ ಹೊಸ ತೋಟಾ ಸಿದ್ಧ. ಮದ್ದು ಎಷ್ಟು ಹಾಕಿದರೆ ಗುಂಡು ಎಷ್ಟು ವೇಗದಲ್ಲಿ ಹೋಗುತ್ತದೆ ಎಂಬುದು ಪುಸ್ತಕದಲ್ಲಿರುತ್ತದೆ. ಆದರೆ ಪುಸ್ತಕದ ಕೋವಿ ಬೇರೆ, ನಮ್ಮ ಕೋವಿ ಬೇರೆ. ಹಾಗಾಗಿ ಪ್ರತಿ ಸಲ ಹೊಸದಾಗಿ ಕಟ್ಟಿದ ತೋಟಾಗಳಲ್ಲಿ ಕೆಲವನ್ನು ಕ್ರೋನೋಗ್ರಾಫಿನ ಮೇಲೆ ಹಾರಿಸಿ ನೋಡಬೇಕು. ಕ್ರೋನೋಗ್ರಾಫ್ ಎಂದರೆ ಕೋವಿಯ ಬಾಯಿಯ ಮುಂದೆ ಸ್ಟ್ಯಾಂಡಿನ ಮೇಲೆ ಇಡುವ ಪೆಟ್ಟಿಗೆ. ಅದಕ್ಕೆ ಎರಡು ಕಣ್ಣು. ಮೊದಲ ಕಣ್ಣಿನ ಮೇಲೆ ಗುಂಡಿನ ನೆರಳು ಬಿದ್ದು ಎರಡನೆಯದರ ಮೇಲೆ ಬೀಳುವಷ್ಟರಲ್ಲಿ ಕಳೆದ ಹೊತ್ತನ್ನು ಲೆಕ್ಕ ಹಾಕಿ, ಸೆಕೆಂಡಿಗೆ ಇಷ್ಟು ಅಡಿ ಎಂದು ತೋರಿಸುತ್ತದೆ. ಅದನ್ನು ಜೋರಾಗಿ ಓದಿ ಬರೆದುಕೊಳ್ಳುವುದೇ ನನ್ನ ಕೆಲಸ.

ನನಗೆ ಕೆಲಸ ಕಲಿಸಿದವರು ಪೂವಯ್ಯ ಸರ್. ಕೊಡಗಿನವರು, ಸೈನ್ಯದಲ್ಲಿ ಆಯುಧ ರಿಪೇರಿ ಮಾಡಿ ನಿವೃತ್ತರಾದವರು. ತೋಟಾ ಕಟ್ಟುವ ಕೋಣೆ ಅವರದು. ಆ ಕೋಣೆಯಲ್ಲಿ ಮೊಬೈಲ್ ಇಲ್ಲ, ರೇಡಿಯೋ ಇಲ್ಲ, ಮಾತೂ ಇಲ್ಲ. ಅವರು ಮದ್ದು ತೂಗುವಾಗ ಬಾಗಿಲಲ್ಲಿ ಯಾರಾದರೂ ನಿಂತರೆ ತಲೆ ಎತ್ತುತ್ತಿರಲಿಲ್ಲ. ತೂಗಿ ಮುಗಿಸಿದ ಮೇಲೆಯೇ, "ಏನು?"

ಕಟ್ಟಿದ ತೋಟಾಗಳನ್ನು ಹಾರಿಸಿ ಪರೀಕ್ಷಿಸುತ್ತಿದ್ದವನು ಇರ್ಫಾನ್. ಭಟ್ಕಳದ ನವಾಯತರ ಹುಡುಗ. ಬರ್ ದುಬೈಯಲ್ಲಿ ಅವನ ಮಾವನ ಬಟ್ಟೆ ಅಂಗಡಿ ಇತ್ತು. ಅಂಗಡಿಯಲ್ಲಿ ಕೂತರೆ ತಲೆನೋವು ಬರುತ್ತದೆ ಎಂದು ಹೇಳಿ, ಮನೆಯವರೊಡನೆ ಜಗಳ ಮಾಡಿಕೊಂಡು ಕ್ಲಬ್ಬಿಗೆ ಬಂದಿದ್ದ. ಕೋವಿ ಹಿಡಿದರೆ ಉಸಿರು ನಿಂತಂತೆ ಕೂರುತ್ತಿದ್ದ. ಅಕ್ಕ ಎನ್ನುವ ಹಾಗೆ ನನ್ನನ್ನು ಲಿಲ್ಲಿ ಬಾಯಿ ಎಂದು ಕರೆಯುತ್ತಿದ್ದ.

ಕೆಲಸ ಎಷ್ಟು ಸೂಕ್ಷ್ಮದ್ದು ಎಂದು ನನಗೆ ತಿಳಿದದ್ದು ಮೊದಲ ಬೇಸಿಗೆಯಲ್ಲಿ. ತೋಟಾದ ಪೆಟ್ಟಿಗೆಯನ್ನು ನಾನು ಹೊರಗಿನ ರೇಂಜಿನಲ್ಲಿ, ಬಿಸಿಲು ಬೀಳುವ ಮೇಜಿನ ಮೇಲೆ ಇಟ್ಟಿದ್ದೆ. ಹಾರಿಸುತ್ತ ಹೋದಂತೆ ವೇಗ ಏರುತ್ತ ಬಂತು. ಒಳ್ಳೆಯದೇ ಆಯಿತೆಂದುಕೊಂಡು ಖುಷಿಯಲ್ಲಿ ಓದುತ್ತಿದ್ದೆ. ಪೂವಯ್ಯ ಸರ್ ಕೈ ಎತ್ತಿ ನಿಲ್ಲಿಸಿದರು. ಪೆಟ್ಟಿಗೆಯಿಂದ ಒಂದು ತೋಟಾ ತೆಗೆದು ನನ್ನ ಅಂಗೈಯಲ್ಲಿಟ್ಟರು. ಚಹಾದ ಲೋಟದಷ್ಟು ಬಿಸಿ.

"ಮದ್ದಿಗೆ ಕಾವು ಹತ್ತಿದ್ರೆ ಅದಕ್ಕೆ ಸಿಟ್ಟು ಜಾಸ್ತಿ ಬರ್ತದೆ. ನಿಮಗೆ ಕಾಣೋದು ಬರೀ ವೇಗ. ಒಳಗೆ ಒತ್ತಡವೂ ಏರ್ತಾ ಇರ್ತದೆ, ಅದು ಈ ಪೆಟ್ಟಿಗೆಗೆ ಕಾಣಲ್ಲ" ಎಂದರು. ಅಂದಿನಿಂದ ತೋಟಾಗಳನ್ನು ನೆರಳಲ್ಲಿ, ಮೀನು ತರುವಂಥ ಥರ್ಮೋಕೋಲ್ ಡಬ್ಬಿಯಲ್ಲಿ ಇಡತೊಡಗಿದೆವು.

ಮೇಲಿನವರ ಬಗ್ಗೆಯೂ ಹೇಳಬೇಕು. ನಮ್ಮ ಮ್ಯಾನೇಜರ್ ಕೆಟ್ಟವನೆಂದು ಹೇಳಲಾರೆ. ನಗುತ್ತಲೇ ಮಾತಾಡುತ್ತಿದ್ದ, ಹಬ್ಬಕ್ಕೆ ಎಲ್ಲರಿಗೂ ಖರ್ಜೂರದ ಡಬ್ಬಿ ಕೊಡುತ್ತಿದ್ದ. ಆದರೆ ತಪ್ಪು ಎಂಬುದು ಯಾವಾಗಲೂ ಕೆಳಗೇ ಇಳಿಯಬೇಕು ಎಂಬುದು ಅವನ ಪದ್ಧತಿ. ಒಮ್ಮೆ ದೊಡ್ಡ ಮನೆತನದ ಅತಿಥಿಯೊಬ್ಬರು ಗುರಿ ಕೆಳಗಾಗಿ ಕ್ರೋನೋಗ್ರಾಫಿಗೇ ಗುಂಡು ಹೊಡೆದರು. ಪೆಟ್ಟಿಗೆ ಚೂರುಚೂರಾಯಿತು. ಇಂಥದ್ದು ಎಲ್ಲ ಕಡೆ ಆಗುತ್ತದೆ, ನಕ್ಕು ಬಿಡಬಹುದಾದ ವಿಷಯ. ಅತಿಥಿಯೂ ನಕ್ಕರು. ಆದರೆ ಆ ವಾರ ನೆಲ ಗುಡಿಸುತ್ತಿದ್ದ ಮನುಷ್ಯನನ್ನು ಊರಿಗೆ ಕಳಿಸಲಾಯಿತು. ಗುಡಿಸುವಾಗ ಅವನು ಸ್ಟ್ಯಾಂಡನ್ನು ಸರಿಸಿದ್ದನಂತೆ. ಅವನು ಆ ದಿನ ಆ ಕಡೆ ಬಂದೇ ಇರಲಿಲ್ಲ. ನಾನೂ ಪೂವಯ್ಯ ಸರ್‌ ಕೂಡ ಹೋಗಿ ಹೇಳಿದೆವು. ಮ್ಯಾನೇಜರ್ ಪೂರ್ತಿ ಕೇಳಿಸಿಕೊಂಡು, "ಖಲಾಸ್, ಆಗಿಹೋಯಿತಲ್ಲ" ಎಂದ.

ಇನ್ನು ಹೇಳಬೇಕಾದ ದೊಡ್ಡ ವಿಷಯ ಒಳಾಂಗಣದ ಹಾಲ್‌ನದು. ಹೊಸಬರಿಗೆ ಕಲಿಸಲು ಕಡಿಮೆ ಮದ್ದಿನ ತೋಟಾ ಕಟ್ಟುತ್ತಿದ್ದೆವು. ಸದ್ದು ಕಡಿಮೆ, ಹೆಗಲಿಗೆ ಒದೆ ಕಡಿಮೆ, ಹೆದರುವವರೂ ಹೆದರದೆ ಹಾರಿಸುತ್ತಾರೆ. ಒಂದು ಮಧ್ಯಾಹ್ನ ಅಂಥ ಹೊಸ ತೋಟಾಗಳನ್ನು ಇರ್ಫಾನ್ ಪರೀಕ್ಷಿಸುತ್ತಿದ್ದ. ಒಂದು ಹೊಡೆತ ಠುಸ್ ಎಂದಿತು. ನಾನು ಪೆಟ್ಟಿಗೆ ನೋಡಿದೆ. ಅಂಕಿ ಇಲ್ಲ, ಬರೀ ಗೆರೆ.

"ನಂಬರ್ ಬರಲಿಲ್ಲ" ಎಂದೆ.

"ಮಿಷನ್ನಿಗೆ ನಿದ್ದೆ ಬಂದಿದೆ ಬಾಯಿ" ಎಂದು ನಗುತ್ತ ಇರ್ಫಾನ್ ಮುಂದಿನ ತೋಟಾ ಹಾಕಲು ಹೋದ. ಪೂವಯ್ಯ ಸರ್ ಎಲ್ಲಿದ್ದರೋ, ಬಂದು ಅವನ ಕೈಯ ಮೇಲೆ ಕೈ ಇಟ್ಟರು. ಕೋವಿ ಬಿಚ್ಚಿಸಿ, ನಳಿಗೆಯೊಳಗೆ ಒಂದು ಸರಳು ತೂರಿಸಿದರು. ಸರಳು ಅರ್ಧದಲ್ಲೇ ನಿಂತಿತು. ಗುಂಡು ನಳಿಗೆಯ ಒಳಗೇ ಸಿಕ್ಕಿಕೊಂಡಿತ್ತು. ಮದ್ದು ಸುರಿಯುವ ಅಳತೆಯ ಕೊಳವೆಯಲ್ಲಿ ಮದ್ದು ಕಟ್ಟಿಕೊಂಡು ಆ ಒಂದು ಕೇಸಿಗೆ ಏನೂ ಬಿದ್ದಿರಲಿಲ್ಲ. ಬರೀ ಕೇಪಿನ ಬಲಕ್ಕೆ ಗುಂಡು ಅಷ್ಟು ದೂರ ಹೋಗಿ ನಿಂತಿತ್ತು. ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದ್ದರೆ ನಳಿಗೆ ಒಡೆಯುತ್ತಿತ್ತು.

ಇರ್ಫಾನ್ ಕೈಯಲ್ಲಿದ್ದ ತೋಟಾವನ್ನು ಪೆಟ್ಟಿಗೆಗೆ ಹಾಕಿದ. ಸರ್ ಬೈಯಲಿಲ್ಲ. ಮೂವರಿಗೂ ಸುಲೈಮಾನಿ ಚಹಾ ತರಿಸಿ ಕೂರಿಸಿ ಹೇಳಿದರು: "ನೋಡಿ, ನಂಬರ್ ಬಂದ್ರೆ ಗುಂಡು ಹೊರಗೆ ಹೋಗಿದೆ ಅಂತ ಅರ್ಥ. ಬರಲಿಲ್ಲ ಅಂದ್ರೆ ಗುಂಡು ಎಲ್ಲಿದೆ ಅಂತ ನಮಗೆ ಗೊತ್ತಿಲ್ಲ ಅಂತ ಅರ್ಥ. ಮಿಷನ್ ತಪ್ಪಿರಬಹುದು, ಬೆಳಕು ತಪ್ಪಿರಬಹುದು. ಏನೇ ಇರ್ಲಿ, ಗೊತ್ತಾಗುವವರೆಗೆ ಕೈ ತೆಗೀಬೇಕು. ಲಿಲ್ಲಿ ನಿಲ್ಲಿಸಿ ಅಂದ್ರೆ ನಿಲ್ಲಿಸಬೇಕು. ನಾನೇ ಹಾರಿಸ್ತಾ ಇದ್ರೂ ನಿಲ್ಲಿಸಬೇಕು."

ಅಲ್ಲಿಂದ ಮುಂದೆ ಗುಂಡು ಒತ್ತುವ ಮೊದಲು ಅವರು ಪ್ರತಿ ಕೇಸಿನೊಳಗೂ ಟಾರ್ಚ್ ಹಾಕಿ ಮದ್ದಿನ ಮಟ್ಟ ನೋಡುತ್ತಿದ್ದರು. ಅದು ಒಂದು ಕಾವಲು. ಅಂಕಿ ಬಾರದಿದ್ದರೆ ನಿಲ್ಲಿಸಿ ನಳಿಗೆ ನೋಡುವುದು ಇನ್ನೊಂದು. ಎರಡು ಕಾವಲು ಇದ್ದಷ್ಟು ಕಾಲ ನಮಗೆ ಏನೂ ಆಗಲಿಲ್ಲ.

ಹಾಲ್‌ನ ದೀಪ ಬದಲಾದ ಮೇಲೆ ತೊಂದರೆ ಶುರುವಾಯಿತು. ಚಂದಕ್ಕೆಂದು ಗೋಡೆಯುದ್ದಕ್ಕೂ ಎಲ್‌ಇಡಿ ಪಟ್ಟಿ ಹಾಕಿಸಿದರು. ಕಣ್ಣಿಗೆ ಕಾಣದ ಅದರ ಮಿನುಗು ಕ್ರೋನೋಗ್ರಾಫಿಗೆ ಕಾಣುತ್ತದೆ. ಒಮ್ಮೆ ಹುಚ್ಚು ಅಂಕಿ, ಒಮ್ಮೆ ಬರೀ ಗೆರೆ. ನಾನು ಪ್ರತಿ ಸಲ "ನಿಲ್ಸಿ" ಎನ್ನುತ್ತಿದ್ದೆ. ಪ್ರತಿ ಸಲ ಸರಳು ತೂರಿಸಿ ನೋಡಿದರೆ ನಳಿಗೆ ಖಾಲಿ. ಹೊರಗೆ ಕಾದಿದ್ದ ಗಿರಾಕಿಗಳು ವಾಚು ನೋಡಿಕೊಳ್ಳುತ್ತಿದ್ದರು. ಪೂವಯ್ಯ ಸರ್ ಬ್ಯಾಟರಿ ದೀಪ ತಂದು ಕ್ರೋನೋಗ್ರಾಫಿನ ಮೇಲೆ ಕಟ್ಟಿದರು. ನೋಡಲು ಅಸಹ್ಯ ಎಂದು ಮ್ಯಾನೇಜರ್ ತೆಗೆಸಿದ.

ಆಮೇಲೆ ಕ್ರೋನೋಗ್ರಾಫಿನ ಬದಲು ರಾಡಾರ್ ಬಂತು. ಪುಸ್ತಕದಷ್ಟು ದೊಡ್ಡ ಪೆಟ್ಟಿಗೆ. ಕೋವಿಯ ಪಕ್ಕದಲ್ಲಿಟ್ಟರೆ ಸಾಕು, ದೀಪದ ಹಂಗಿಲ್ಲ, ಅಂಕಿ ನೇರ ಮೊಬೈಲಿಗೆ ಬರುತ್ತದೆ. ಅದು ಒಳ್ಳೆಯ ಯಂತ್ರವೇ. ಈಗ ಎಲ್ಲ ಕಡೆ ಬಳಸುವುದು ಅದನ್ನೇ, ಬೇಡ ಎನ್ನಲಾರೆ. ಆದರೆ ನಮ್ಮಲ್ಲಿದ್ದ ಪೆಟ್ಟಿಗೆ ಎಚ್ಚರವಾಗುತ್ತಿದ್ದುದು ಹೊಡೆತದ ಸದ್ದಿಗೆ. ನಮ್ಮ ಕಡಿಮೆ ಮದ್ದಿನ ತೋಟಾಗಳ ಸದ್ದು ಅದಕ್ಕೆ ಆಗಾಗ ಕೇಳಿಸುತ್ತಲೇ ಇರಲಿಲ್ಲ. ಮತ್ತೆ ಖಾಲಿ ಗೆರೆ.

ಒಂದು ಬೆಳಿಗ್ಗೆ ಮ್ಯಾನೇಜರ್ ಹಾಲ್‌ನಲ್ಲಿ ನಮ್ಮೆಲ್ಲರನ್ನೂ ಕರೆದು ನಿಲ್ಲಿಸಿ, "ಖಾಲಿ ಬಂದರೆ ಅದು ಯಂತ್ರದ ದೋಷ. ಇನ್ನೊಂದು ಹಾರಿಸಿ ಮುಂದೆ ಹೋಗಿ. ಯಲ್ಲಾ, ಬೇಗ ಬೇಗ, ಜನ ಕಾಯುತ್ತಾರೆ" ಎಂದ.

ಪೂವಯ್ಯ ಸರ್ ಹಿಂದಿಯಲ್ಲಿ, "ಸಾಬ್, ಅದು ಸರಿಯಲ್ಲ" ಎಂದರು.

"ನಿಮ್ಮ ತೋಟಾದ ಮೇಲೆ ನಿಮಗೇ ನಂಬಿಕೆ ಇಲ್ಲವೇ?" ಎಂದು ಮ್ಯಾನೇಜರ್ ನಗುತ್ತ ಕೇಳಿದ. ಸರ್ ತಿರುಗಿ ತಮ್ಮ ಕೋಣೆಗೆ ಹೋದರು. ಆ ಪ್ರಶ್ನೆ ಅವರನ್ನು ಎಲ್ಲಿ ಮುಟ್ಟಿತೆಂದು ಆಗ ನನಗೆ ತಿಳಿಯಲಿಲ್ಲ. ಅಂಕಿ ಮೊಬೈಲಿನಲ್ಲೇ ಬರುತ್ತದಲ್ಲ ಎಂದು ಅದೇ ವಾರ ನನ್ನನ್ನು ಮುಂದಿನ ಕೌಂಟರಿಗೆ ಹಾಕಿದರು.

ಅದಾಗಿ ಕೆಲವು ದಿನಕ್ಕೆ ಯಾವುದೋ ಕಂಪನಿಯ ತಂಡ ಬರುವುದಿತ್ತು. ಅವರಿಗೆಂದು ಕಟ್ಟಿದ್ದ ಹೊಸ ತೋಟಾಗಳನ್ನು ಇರ್ಫಾನ್ ಒಬ್ಬನೇ ಹಾಲ್‌ನಲ್ಲಿ ಪರೀಕ್ಷಿಸುತ್ತಿದ್ದ. ನಾನು ಕೌಂಟರಿನಲ್ಲಿ ಅತಿಥಿಗಳ ಎಮಿರೇಟ್ಸ್ ಐಡಿ ನೋಡುತ್ತಿದ್ದೆ. ಗಾಜಿನ ಆಚೆಯಿಂದ ಹೊಡೆತಗಳು ಮಂದವಾಗಿ ಕೇಳುತ್ತಿದ್ದವು. ಒಂದು ಸಪ್ಪೆ ಸದ್ದು ಬಂತೋ ಇಲ್ಲವೋ, ಇವತ್ತಿಗೂ ಆಣೆ ಮಾಡಿ ಹೇಳಲಾರೆ. ಅದರ ಹಿಂದೆ ಬಂದ ಸದ್ದು ಮಾತ್ರ ಕೋವಿಯದಾಗಿರಲಿಲ್ಲ. ತಗಡು ಹರಿದಂತಿತ್ತು.

ನಾನು ಒಳಗೆ ಓಡಿದೆ. ನಳಿಗೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಡಿಸಿಕೊಂಡಿತ್ತು. ಇರ್ಫಾನ್ ಕುರ್ಚಿಯಲ್ಲೇ ಕೂತು ತನ್ನ ಎಡಗೈಯನ್ನು ನೋಡುತ್ತಿದ್ದ. ಕನ್ನಡಕ ಇದ್ದದ್ದರಿಂದ ಕಣ್ಣು ಉಳಿದಿತ್ತು. ಕೈ ನೋಡಲಾಗುತ್ತಿರಲಿಲ್ಲ. ನನ್ನ ಶಾಲನ್ನು ಸುತ್ತಿ ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ಅವನು, "ಬಾಯಿ, ಖಾಲಿ ಬಂದಿತ್ತು. ಖಾಲಿ ಬಂದಿತ್ತು ಬಾಯಿ" ಎಂದು ಹೇಳುತ್ತಲೇ ಇದ್ದ. ಪೂವಯ್ಯ ಸರ್ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರಲಿಲ್ಲ. ಆಂಬುಲೆನ್ಸ್ ಬರುವವರೆಗೂ ಹಾಗೇ ಇದ್ದರು.

ಆಸ್ಪತ್ರೆಯವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಎಡಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಉಳಿದವು. ಮಿಕ್ಕ ಮೂರು ಹೋದವು.

ತನಿಖೆಗೆ ಬಂದ ಪೊಲೀಸ್ ಅಧಿಕಾರಿ ಸೌಮ್ಯ ಮನುಷ್ಯ, ಹಿಂದಿ ಚೆನ್ನಾಗಿ ಬರುತ್ತಿತ್ತು. ತೋಟಾ ಕಟ್ಟುವ ಕೋಣೆಯಲ್ಲೇ ನಮ್ಮನ್ನು ಒಬ್ಬೊಬ್ಬರಾಗಿ ಕೇಳಿದರು. ಉಳಿದಿದ್ದ ತೋಟಾಗಳನ್ನು ಬಿಚ್ಚಿ ನೋಡಿದಾಗ ಇನ್ನೊಂದರಲ್ಲೂ ಮದ್ದು ಅರ್ಧಕ್ಕಿಂತ ಕಡಿಮೆ ಇತ್ತು. ಅಧಿಕಾರಿ ಆ ಕೇಸನ್ನು ಪೂವಯ್ಯ ಸರ್ ಕೈಗೆ ಕೊಟ್ಟು, "ಇದು ನಿಮಗೆ ಹೇಗೆ ಕಾಣಲಿಲ್ಲ?" ಎಂದು ಕೇಳಿದರು. ಸರ್ ಟಾರ್ಚ್ ಹಾಕಿ ಬಹಳ ಹೊತ್ತು ಒಳಗೆ ನೋಡಿದರು. ಆಮೇಲೆ ಟಾರ್ಚ್ ಆರಿಸಿ ಮೇಜಿನ ಮೇಲಿಟ್ಟರು.

"ಈಗಲೂ ಕಾಣ್ತಾ ಇಲ್ಲ ಸಾಬ್. ಎರಡೂ ಕಣ್ಣಿಗೆ ಪೊರೆ ಬಂದಿದೆ" ಎಂದರು.

ನನ್ನ ಸರದಿಗೆಂದು ನಾನು ಬಾಗಿಲಲ್ಲೇ ನಿಂತಿದ್ದೆ. ಹಿಂದಿನ ವರ್ಷವಿಡೀ ಅವರು ನಾನು ಅಂಕಿ ಬರೆದ ಚೀಟಿಗಳನ್ನು ತೆಗೆದುಕೊಳ್ಳದೆ, "ನೀವೇ ಓದಿ ಹೇಳಿ ಲಿಲ್ಲಿ, ನಿಮ್ಮ ಸ್ವರ ಸ್ಪಷ್ಟ ಇದೆ" ಎನ್ನುತ್ತಿದ್ದರು. ಅದನ್ನು ನಾನು ಪ್ರೀತಿಯ ಮಾತೆಂದುಕೊಂಡಿದ್ದೆ. ಆಪರೇಷನ್ನಿಗೆ ರಜೆ ಕೇಳಿದರೆ ಕಣ್ಣಿನ ವಿಷಯ ಗೊತ್ತಾಗುತ್ತದೆ, ಆ ವಯಸ್ಸಿಗೆ ವೀಸಾ ಮತ್ತೆ ನವೀಕರಿಸುವುದಿಲ್ಲ ಎಂದು ಹೆದರಿ ಮುಂದೂಡುತ್ತ ಬಂದಿದ್ದರು.

ನನ್ನ ಸರದಿ ಬಂದಾಗ ನಾನು ಮ್ಯಾನೇಜರನ ಮಾತನ್ನು ಹೇಳಿದೆ. ಖಾಲಿ ಬಂದರೆ ಇನ್ನೊಂದು ಹಾರಿಸಿ ಎಂದು ಹಾಲ್‌ನಲ್ಲಿ ಎಲ್ಲರೆದುರು ಹೇಳಿದ್ದು, ಪೂವಯ್ಯ ಸರ್ ಬೇಡ ಎಂದದ್ದು, ಎಲ್ಲ. ಬರಹದಲ್ಲಿದೆಯೇ ಎಂದು ಅಧಿಕಾರಿ ಕೇಳಿದರು. ಇಲ್ಲ. ಕೇಳಿದವರು ಇನ್ಯಾರು ಎಂದರು. ಹೆಸರು ಕೊಟ್ಟೆ. ಆ ಹೆಸರಿನವರು ಒಬ್ಬೊಬ್ಬರೇ ಒಳಗೆ ಹೋಗಿ, ನೆಲ ನೋಡುತ್ತ ಹೊರಗೆ ಬಂದರು. ಅವರನ್ನು ದೂರುವ ಧೈರ್ಯ ನನಗಿಲ್ಲ. ಎಲ್ಲರ ವೀಸಾ ಆ ಕಂಪನಿಯ ಕೈಯಲ್ಲೇ ಇತ್ತು. ಆಸ್ಪತ್ರೆಯಲ್ಲಿದ್ದ ಇರ್ಫಾನ್ ತನಗೆ ಏನೂ ನೆನಪಿಲ್ಲ ಎಂದು ಹೇಳಿದನಂತೆ. ಅಷ್ಟು ದೊಡ್ಡ ಪೆಟ್ಟು, ಮರೆತಿರಬಹುದು ಎಂದುಕೊಂಡೆ.

ಕೊನೆಗೆ ಉಳಿದದ್ದು ಒಂದೇ ಕಾರಣ: ಕಣ್ಣು ಕಾಣದವನು ಕಟ್ಟಿದ ತೋಟಾ. ಪೂವಯ್ಯ ಸರ್ ಅದನ್ನು ಒಪ್ಪಿಕೊಂಡಿದ್ದರು, ಅದು ಸುಳ್ಳೂ ಆಗಿರಲಿಲ್ಲ. ಎಲ್ಲ ಮುಗಿದು ಅವರನ್ನು ಊರಿಗೆ ಕಳಿಸುವ ದಿನ ನಾನೂ ನನ್ನ ಗಂಡನೂ ಏರ್‌ಪೋರ್ಟಿಗೆ ಹೋಗಿದ್ದೆವು. "ನೀವು ಮ್ಯಾನೇಜರ್ ವಿಷಯ ಹೇಳಬಾರದಿತ್ತು. ಇನ್ನು ನಿಮ್ಮನ್ನೂ ಇಟ್ಟುಕೊಳ್ಳಲ್ಲ" ಎಂದರು. "ಇದ್ದದ್ದನ್ನೇ ಹೇಳಿದ್ದು ಸರ್" ಎಂದೆ. "ಅದು ಸರಿ" ಎಂದು ಟ್ರಾಲಿ ತಳ್ಳಿಕೊಂಡು ಹೋದರು. ಬೋರ್ಡು ಓದಲಾಗದೆ ತಪ್ಪು ಸಾಲಿನಲ್ಲಿ ನಿಂತರು. ನನ್ನ ಗಂಡ ಓಡಿಹೋಗಿ ಸರಿಯಾದ ಕಡೆ ಬಿಟ್ಟು ಬಂದರು.

ಅವರು ಹೇಳಿದ ಹಾಗೆಯೇ ಆಯಿತು. ನನ್ನ ವೀಸಾ ಮುಗಿದಾಗ ನವೀಕರಿಸಲಿಲ್ಲ. ನಿವೃತ್ತಿ ಎಂದು ಒಂದು ಕೇಕ್ ಕತ್ತರಿಸಿದರು. ಕೆಲವು ಕಾಲದ ಮೇಲೆ ಗಂಡ ತೀರಿಕೊಂಡರು. ಮಗಳು ತನ್ನ ಜೊತೆಗೆ ಇಲ್ಲಿ ಅಲ್ ಕುಸೈಸ್‌ಗೆ ಕರೆದುಕೊಂಡು ಬಂದಳು.

ಪೂವಯ್ಯ ಸರ್ ಮೈಸೂರಿನಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಹೋದ ಸ್ವಲ್ಪ ದಿನಕ್ಕೇ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಫೋನ್ ಮಾಡಿದ್ದರು. "ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೇಲಿದ್ದೆ. ಅಷ್ಟೇ ಕೆಲಸ ಅದು. ಈಗ ಎದುರು ಮನೆಯ ಮೀಟರ್ ಕೂಡ ಇಲ್ಲಿಂದ ಓದ್ತೇನೆ ಲಿಲ್ಲಿ. ಏನು ಮಾಡ್ಲಿ, ಹೇಳಿ?" ಎಂದರು.

ಇರ್ಫಾನ್‌ನನ್ನು ನಾನು ಬಹಳ ಕಾಲ ನೋಡಿರಲಿಲ್ಲ. ಭಟ್ಕಳಕ್ಕೆ ಹೋಗಿದ್ದವನು ತಿರುಗಿ ಬಂದು ಬರ್ ದುಬೈಯಲ್ಲಿ ಮಾವನ ಅಂಗಡಿಯಲ್ಲೇ ಕೂತಿದ್ದಾನೆ ಎಂದು ಕೇಳಿದ್ದೆ. ಹೋಗಲು ಕಾಲು ಬರುತ್ತಿರಲಿಲ್ಲ. ಲಿಫ್ಟಿನಲ್ಲಿ ಆ ಹುಡುಗಿ ಕೇಳಿದ ಮರುವಾರ, ಚರ್ಚಿನಲ್ಲಿ ನಡೆಯುವ ಮೊಮ್ಮಗಳ ಮೊದಲ ಕಮ್ಯೂನಿಯನ್ ಉಡುಪಿಗೆ ಬಟ್ಟೆ ಬೇಕೆಂದು ನೆಪ ಮಾಡಿಕೊಂಡು ಹೋದೆ.

"ಅಲ್ಲಾ, ಲಿಲ್ಲಿ ಬಾಯಿ!" ಎಂದು ಎದ್ದು ನಿಂತ. ಗಡ್ಡ ಅರ್ಧ ನೆರೆತಿತ್ತು. ಮಗಳು, ಮೊಮ್ಮಗಳು ಎಲ್ಲ ವಿಚಾರಿಸಿದ. ಬಿಳಿ ಸ್ಯಾಟಿನ್ ಥಾನುಗಳನ್ನು ಒಂದರ ಮೇಲೊಂದು ಹಾಕಿದ. ಚಹಾ ಬಂತು. ಕುಡಿದಾದ ಮೇಲೆ ನನ್ನ ಮುಖ ನೋಡದೆ, "ಪೂವಯ್ಯ ಸರ್ ಹೇಗಿದ್ದಾರೆ?" ಎಂದು ಕೇಳಿದ.

ಇದ್ದಾರೆ, ಮೈಸೂರಿನಲ್ಲಿ ಎಂದೆ.

"ಬಾಯಿ, ನಂಗೆ ನೆನಪಿಲ್ಲ ಅಂದಿದ್ದು ಸುಳ್ಳು. ಪೊಲೀಸ್ ಬರೋ ಮೊದ್ಲೇ ಮ್ಯಾನೇಜರ್ ಆಸ್ಪತ್ರೆಗೆ ಬಂದಿದ್ದ. ಕೈ ಹೋದ್ರೂ ಕೆಲಸ ಹೋಗಲ್ಲ, ಆಫೀಸಲ್ಲಿ ಕೂರಿಸ್ತೇನೆ ಅಂದ. ನಾನು ನಂಬಿದೆ. ಆಫೀಸು ಮಾಫಿ, ಕೆಲಸ ಮಾಫಿ, ಯಾವ್ದೂ ಸಿಗ್ಲಿಲ್ಲ. ಅದಿರ್ಲಿ ಬಿಡಿ. ಆದ್ರೆ ಅವತ್ತು ನಾನೂ ಹೇಳಿದ್ರೆ ಇಬ್ಬರ ಮಾತಾಗ್ತಿತ್ತು. ಸರ್ ಒಬ್ರ ಮೇಲೇ ಬೀಳ್ತಿರ್ಲಿಲ್ಲ."

"ಅವರ ತಪ್ಪೂ ಇತ್ತಲ್ಲ ಇರ್ಫಾನ್" ಎಂದೆ.

"ಇತ್ತು. ಕ್ಷಮಿಸಿದೆ ಅಂತ ನಾನು ಹೇಳಲ್ಲ. ರಾತ್ರಿ ಕೈ ಸೆಳೀವಾಗ ಬೈತೇನೆ ಅವ್ರನ್ನ. ಆದ್ರೆ ಇದೊಂದು ಹೇಳ್ಬೇಕು ಅವ್ರಿಗೆ. ನಂಬರ್ ಉಂಟಾ ನಿಮ್ಮತ್ರ?"

ನಾನು ಅಲ್ಲೇ ಫೋನ್ ಹಚ್ಚಿದೆ. "ಹೇಳಿ ಲಿಲ್ಲಿ" ಎಂದು ಪೂವಯ್ಯ ಸರ್ ಸ್ವರ ಬಂತು. "ಒಬ್ಬರು ಮಾತಾಡಬೇಕಂತೆ ಸರ್" ಎಂದು ಇರ್ಫಾನ್ ಕೈಗೆ ಕೊಟ್ಟೆ.

"ಸರ್, ನಾನು ಇರ್ಫಾನ್" ಎಂದ. ಆ ಕಡೆಯ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸಿದ. "ಹೌದು ಸರ್. ಅಂಗಡಿಯಲ್ಲೇ. ಇಲ್ಲ ಸರ್, ನೋವಿಲ್ಲ ಈಗ." ಥಾನಿನ ಅಂಚನ್ನು ಹಿಡಿದುಕೊಂಡು, "ಸರ್, ನಂಗೆ ನೆನಪಿತ್ತು. ಮ್ಯಾನೇಜರ್ ಹೇಳಿದ್ದು, ನೀವು ಬೇಡ ಅಂದಿದ್ದು, ಎಲ್ಲಾ ನೆನಪಿತ್ತು ಸರ್" ಎಂದ. ಆ ಕಡೆಯಿಂದ ಏನು ಹೇಳಿದರೋ, ಇರ್ಫಾನ್ ಕೇಳಿಸಿಕೊಂಡು ನಿಂತ. ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಒಳಗೆ ಬಂದರು. ಅವನು ಫೋನನ್ನು ನನ್ನ ಕೈಗಿಟ್ಟು, ಮುಖ ಒರೆಸಿಕೊಂಡು ಅವರ ಕಡೆ ತಿರುಗಿದ.

"ಲಿಲ್ಲಿ, ಅವನ ಕೈ ಹೇಗಿದೆ?" ಎಂದರು ಪೂವಯ್ಯ ಸರ್. "ನೋವಿಲ್ಲ ಅಂತಾನೆ. ನೀವು ಹೇಳಿ."

ಇರ್ಫಾನ್ ಬಟ್ಟೆ ಅಳೆಯುತ್ತಿದ್ದ. ಅಂಚನ್ನು ಉಳಿದೆರಡು ಬೆರಳುಗಳ ನಡುವೆ ಸಿಕ್ಕಿಸಿದ. ಅದು ಜಾರಿತು. ಮೊಣಕೈಯಿಂದ ಮೇಜಿಗೆ ಒತ್ತಿ ಹಿಡಿದು, ಬಲಗೈಯಲ್ಲಿ ಕತ್ತರಿ ಓಡಿಸಿದ. ಕಂಡದ್ದನ್ನು ಹಾಗೆಯೇ ಹೇಳಿದೆ.

"ಹ್ಞೂಂ" ಎಂದರು. ನಾವಿಬ್ಬರೂ ಫೋನ್ ಇಡಲಿಲ್ಲ.